ಪದವಿನ ಸಣ್ಣ ಕಪ್ಪೆಯನ್ನು ಪಂಚಾಯತಿಯ ದಾಖಲೆಯಲ್ಲಿ ಹೇಗೆ ಬರೆಯುವುದು?

ಪದವಿನಂಚಿನ ಮನೆ:

ಎಲ್ಲರಿಗೂ ನಮಸ್ಕಾರ. ಮಣಿಪಾಲದಿಂದ ಹೆಚ್ಚು ದೂರವಿಲ್ಲದ ಒಂದು ಗ್ರಾಮ ಪಂಚಾಯತಿಯಲ್ಲಿ ನನ್ನನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯೆಯನ್ನಾಗಿ ಮಾಡಿದ್ದಾರೆ. ಸಮಿತಿಯಲ್ಲಿ ಹೆಂಗಸರ ಹೆಸರು ಕಡಿಮೆ ಬಿದ್ದಿತ್ತು, ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ಎಂದು ನನ್ನ ಹೆಸರನ್ನು ಸೇರಿಸಿಕೊಂಡರು, ಅಷ್ಟೇ. ನನ್ನ ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಮನೆಯಲ್ಲಿ ಎರಡು ದನ, ಅಂಗಳದಲ್ಲಿ ಮಲ್ಲಿಗೆ ಗಿಡಗಳು. ಹಟ್ಟಿಯ ಹಿಂದಿನಿಂದಲೇ ಪದವು, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಂಡೆಯ ಬಯಲು, ಶುರುವಾಗುತ್ತದೆ.

ಆ ಪದವಿನ ಬಗ್ಗೆಯೇ ಪ್ರಶ್ನೆ. ಪಹಣಿಯಲ್ಲಿ ಅದು ಸರ್ಕಾರಿ ಪಾಳು ಜಾಗ. ಅಲ್ಲಿ ಒಣಕಸ ವಿಂಗಡಿಸುವ ಶೆಡ್ ಕಟ್ಟುವುದು, ಉಳಿದ ಭಾಗವನ್ನು ಜೆಸಿಬಿಯಿಂದ ಸಮತಟ್ಟು ಮಾಡಿ ಮೈದಾನ ಮಾಡುವುದು ಎಂದು ಮಾತಾಗಿದೆ. ಶೆಡ್ ಬೇಡ ಎನ್ನಲು ನನಗೆ ಬಾಯಿಲ್ಲ, ಏಕೆಂದರೆ ಈಗ ಕಸವೆಲ್ಲ ಹೊಳೆಯ ಬದಿಗೆ ಬೀಳುತ್ತಿದೆ. ಆದರೆ ಹೋದ ಮಳೆಗಾಲದಲ್ಲಿ ಕಾಲೇಜಿನ ಹುಡುಗನೊಬ್ಬ ಹಣೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ಅಲ್ಲಿ ಮಂಡಿಯೂರಿ ಕುಳಿತಿದ್ದ. ಮಾವ ಕಳ್ಳನೆಂದು ಬೊಬ್ಬೆ ಹೊಡೆದರು. ಅವನು ಹೆದರಲಿಲ್ಲ, ನಮ್ಮನ್ನು ಕರೆದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಕಪ್ಪೆಯನ್ನು ತೋರಿಸಿದ. ಇದು ವಿಜ್ಞಾನಕ್ಕೆ ಪರಿಚಯವಾದದ್ದೇ ಮಣಿಪಾಲದ ಪದವಿನಿಂದ ಎಂದು ಹೇಳಿದ.

ಪಂಚಾಯತಿ ಕಚೇರಿಯಲ್ಲಿ ಹಳೆಯ ಜೀವವೈವಿಧ್ಯ ದಾಖಲೆಯನ್ನು ತೆಗೆಸಿ ನೋಡಿದೆ. ದಪ್ಪ ಪುಸ್ತಕ, ಒಳ್ಳೆಯ ರಟ್ಟು. ಮರಗಳಿಗೆ ಹಲವು ಪುಟಗಳಿವೆ, ಅವುಗಳಲ್ಲಿ ಅರ್ಧ ನಮ್ಮೂರಿನಲ್ಲಿ ಇಲ್ಲದ ಮರಗಳು. ಉಭಯವಾಸಿಗಳ ಕಾಲಂನಲ್ಲಿ ಒಂದೇ ಪದ ಇದೆ: ಕಪ್ಪೆ.

ಮುಂದಿನ ತಿಂಗಳು ಅದನ್ನು ಪರಿಷ್ಕರಿಸುವ ಸಭೆ. ಆ ಹುಡುಗ ಹೇಳಿದ್ದು ನಿಜವೇ? ನಿಜವಾದರೆ, "ಒಂದು ಕಪ್ಪೆಗಾಗಿ ಊರಿನ ಕೆಲಸ ನಿಲ್ಲಿಸಿದವಳು" ಎಂಬ ಹೆಸರು ತಲೆಗೆ ಬಾರದ ಹಾಗೆ ಇದನ್ನು ಬರೆಯುವುದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಕುಮ್ಕಿ ಕೃಷಿಕ:

ಅಕ್ಕ, ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ನಮ್ಮ ತೋಟದಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಕಪ್ಪೆಗಳ ಗಲಾಟೆಗೆ ನಿದ್ದೆ ಬರುವುದಿಲ್ಲ. ಕಪ್ಪೆಗೆ ಬರಗಾಲ ಬಂದಿದೆ ಎಂದು ಹೇಳುವವರು ಹೆಬ್ರಿ ಕಡೆಗೆ ಬಂದು ಒಂದು ರಾತ್ರಿ ಮಲಗಲಿ.

ನನ್ನ ಹೆದರಿಕೆ ಬೇರೆ. ಅಪರೂಪದ ಪ್ರಾಣಿ ಇದೆ ಎಂದು ಸರ್ಕಾರಿ ಪುಸ್ತಕದಲ್ಲಿ ಒಮ್ಮೆ ಬರೆದರೆ ನಾಳೆ ಅರಣ್ಯ ಇಲಾಖೆಯ ಬೋರ್ಡು ಬರುತ್ತದೆ, ನಾಡಿದ್ದು ಬೇಲಿ ಬರುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದ ಮೇಲೆ ಒಳಗಿನ ಮನೆಗಳವರು ರಸ್ತೆಗೆ, ಕರೆಂಟಿಗೆ ಎಷ್ಟು ಕಚೇರಿ ಅಲೆದರು ಎಂಬುದನ್ನು ಕಣ್ಣಾರೆ ಕಂಡವರು ನಾವು. ನಮ್ಮ ಕುಮ್ಕಿಯ, ಅಂದರೆ ಜಮೀನಿನ ಪಕ್ಕದ ಸರ್ಕಾರಿ ಜಾಗದ, ಸೊಪ್ಪು ಸೌದೆಯೂ ಕಪ್ಪೆಯ ಲೆಕ್ಕಕ್ಕೆ ಹೋದರೆ ಕೇಳುವವರು ಯಾರು? ಬರೆಯದೆ ಬಿಡುವುದೇ ಕ್ಷೇಮ.

ನಿವೃತ್ತ ವಿಜ್ಞಾನ ಮೇಷ್ಟರು, ಕಾರ್ಕಳ:

ಆ ಹುಡುಗ ಹೇಳಿದ್ದು ನಿಜ. ಮಾವನವರು ಬೊಬ್ಬೆ ಹೊಡೆದ ಮೇಲೂ ನಿಂತು ವಿವರಿಸಿದನಲ್ಲ, ಅವನಿಗೆ ನನ್ನ ಮೆಚ್ಚುಗೆ ತಿಳಿಸಿ.

ಕಪ್ಪೆಯ ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎನ್ನುತ್ತಾರೆ, ಆ ನೆಲದಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಮಣಿಪಾಲದ ಸುತ್ತಮುತ್ತಲಿನ ಬಂಡೆ ಹಾಸುಗಳಲ್ಲಿ ಕಂಡ ಇದನ್ನು ಹೊಸ ಪ್ರಭೇದವೆಂದು 2016ರಲ್ಲಿ ಪ್ಲೋಸ್ ಒನ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದರು. ಕೆ. ಎಸ್. ಶೇಷಾದ್ರಿ, ಕೆ. ವಿ. ಗುರುರಾಜ ಮೊದಲಾದವರ ತಂಡದ ಕೆಲಸ ಅದು. ಉದ್ದ ಸುಮಾರು 1.6 ಸೆಂಟಿಮೀಟರ್. ತಿಳಿ ಕಂದು ಮೈ, ಬೆನ್ನು, ಪಕ್ಕೆ ಮತ್ತು ಕಾಲುಗಳ ಮೇಲೆ ಎದ್ದು ಕಾಣುವ ಕಪ್ಪು ಗುರುತುಗಳು. ಕೂಗು ಜೀರುಂಡೆಯದರ ಹಾಗಿದೆ. ಇಷ್ಟು ಜನ ಓಡಾಡುವ, ಇಷ್ಟು ಕಾಲೇಜುಗಳಿರುವ ಊರಿನಲ್ಲಿ ಅದು ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಲು ಅದೂ ಒಂದು ಕಾರಣ. ಅದನ್ನು ವಿವರಿಸಿದ ಸಮಯದಲ್ಲಿ ಗೊತ್ತಿದ್ದ ನೆಲೆಗಳೆಲ್ಲ ಸೇರಿ ಸುಮಾರು 150 ಚದರ ಕಿಲೋಮೀಟರ್ ವ್ಯಾಪ್ತಿಯೊಳಗೇ ಇದ್ದವು. ಒಂದು ಇಡೀ ಪ್ರಭೇದಕ್ಕೆ ಅದು ತೀರಾ ಸಣ್ಣ ಜಾಗ.

ಈಗ ಹೆಬ್ರಿಯ ಕೃಷಿಕರಿಗೆ. ಸ್ವಾಮೀ, ನಿಮ್ಮ ನಿದ್ದೆ ಕೆಡಿಸುವುದು ತೋಟದ ತೋಡಿನಲ್ಲಿ, ಗದ್ದೆಯಲ್ಲಿ, ಬಾವಿಕಟ್ಟೆಯಲ್ಲಿ ಎಲ್ಲಿ ಬೇಕಾದರೂ ಬದುಕುವ ಕಪ್ಪೆಗಳು. ಅವುಗಳ ಸಂಖ್ಯೆಯಿಂದ ಇದರ ಲೆಕ್ಕ ಸಿಗುವುದಿಲ್ಲ. ಕೋಸ್ಟಾರಿಕಾ ದೇಶದ ಮಾಂಟೆವರ್ಡೆ ಎಂಬಲ್ಲಿ ಒಂದೇ ಏಣಿನ ಮಂಜುಕಾಡಿನಲ್ಲಿ ಹೊಂಬಣ್ಣದ ನೆಲಗಪ್ಪೆ ಇತ್ತು. 1987ರ ಮಳೆಯಲ್ಲಿ ಅಲ್ಲಿ ಸಾವಿರದೈನೂರಕ್ಕೂ ಹೆಚ್ಚು ಕಪ್ಪೆಗಳನ್ನು ಎಣಿಸಿದ್ದರು. 1989ರಲ್ಲಿ ಕಂಡದ್ದು ಒಂದು ಗಂಡು. ಆಮೇಲೆ ಯಾರಿಗೂ ಕಾಣಲಿಲ್ಲ. 2004ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು. ಅದು ರಕ್ಷಿತ ಅರಣ್ಯದ ಒಳಗಿದ್ದ ಕಪ್ಪೆ, ಜೆಸಿಬಿ ಅಲ್ಲಿಗೆ ಹೋಗಿಯೇ ಇರಲಿಲ್ಲ. ನೆಲೆ ಚಿಕ್ಕದಿದ್ದರೆ ಒಂದೆರಡು ಕೆಟ್ಟ ವರ್ಷಗಳು ಸಾಕಾಗುತ್ತವೆ. 2023ರ ಜಾಗತಿಕ ಅಂದಾಜಿನಂತೆ ಉಭಯವಾಸಿಗಳಲ್ಲಿ ನೂರಕ್ಕೆ 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ. ಹಕ್ಕಿಗಳಿಗಿಂತಲೂ ಸಸ್ತನಿಗಳಿಗಿಂತಲೂ ಹೆಚ್ಚು.

ಇನ್ನು ಪದವು. ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸಮಿತಿಯಲ್ಲಿ ನಿಜವಾದ ಚರ್ಚೆ ಆಗಬೇಕಾದದ್ದು ಕಪ್ಪೆಯ ಮೇಲಲ್ಲ, ಇದರ ಮೇಲೆ.

ಏಪ್ರಿಲಿನಲ್ಲಿ ಪದವಿಗೆ ಹೋದ ಅಧಿಕಾರಿಗೆ ಕಾಣುವುದು ಕಾದ ಕಲ್ಲು, ಒಣ ಮುಳಿಹುಲ್ಲು, ಅಲ್ಲಲ್ಲಿ ಕೇಪಳದ ಪೊದೆ, ಬಿಯರ್ ಬಾಟಲಿ. ಪಾಳು ಎಂದು ಬರೆದುಕೊಂಡು ಬರುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಅದೇ ಕಲ್ಲಿನ ಪ್ರತಿಯೊಂದು ತಗ್ಗಿನಲ್ಲೂ ನೀರು ನಿಲ್ಲುತ್ತದೆ. ಕೆಲವು ತಗ್ಗು ಊಟದ ಬಟ್ಟಲಿನಷ್ಟು, ಕೆಲವು ಚಾಪೆಯಷ್ಟು. ಈ ಕಪ್ಪೆ ಮೊಟ್ಟೆ ಇಡುವುದು ಅಂಥ ನೀರಿನಲ್ಲಿ. ಮೀನು ಇಲ್ಲದ, ಕೆಲವು ವಾರ ಮಾತ್ರ ನಿಲ್ಲುವ ನೀರು ಅದಕ್ಕೆ ಬೇಕು. ಗೊದಮೊಟ್ಟೆ ಅಷ್ಟರೊಳಗೆ ಕಾಲು ಮೂಡಿಸಿಕೊಂಡು ಹೊರಗೆ ಬರಬೇಕು. ತುಳು ತಿಂಗಳು ಆಟಿ ಮುಗಿದು ಸೋಣ ಬರುವ ಹೊತ್ತಿಗೆ, ಅಂದರೆ ಆಗಸ್ಟಿನಲ್ಲಿ, ಬೆರಳು ಗಾತ್ರದ ಮಣ್ಣಿನ ಪದರದ ಮೇಲೆ ನೀಲಿ ಹೂವಿನ ಯುಟ್ರಿಕುಲೇರಿಯಾ ಹಾಸಿಕೊಳ್ಳುತ್ತದೆ. ಪಕ್ಕದಲ್ಲೇ ಜಿಗುಟು ಹನಿಗಳಿಂದ ನೊಣ ಹಿಡಿಯುವ ಡ್ರೊಸೆರಾ, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್. ಮೊದಲೆರಡು ಗಿಡಗಳೂ ಕೀಟ ತಿನ್ನುವುದಕ್ಕೆ ಕಾರಣವಿದೆ: ಆ ಮಣ್ಣಿನಲ್ಲಿ ಸಾರವೇ ಇಲ್ಲ. ಬಡ ನೆಲಕ್ಕೆ ಹೊಂದಿಕೊಂಡು ಬಂದ ಜೀವಗಳಿವು. ಗೊಬ್ಬರ ಹಾಕಿ, ಮಣ್ಣು ತುಂಬಿ "ಅಭಿವೃದ್ಧಿ" ಮಾಡಿದರೆ ಮೊದಲು ಹೋಗುವುದು ಇವೇ.

ಆದ್ದರಿಂದಲೇ ಒಂದು ಎಚ್ಚರಿಕೆ. ಸಭೆಯಲ್ಲಿ ಯಾರಾದರೂ ಎದ್ದು "ಹಾಗಾದರೆ ಪದವಿನಲ್ಲಿ ಗಿಡ ನೆಡೋಣ, ಪರಿಸರವೂ ಉಳಿಯುತ್ತದೆ" ಎಂದು ಹೇಳುತ್ತಾರೆ. ಖಂಡಿತ ಹೇಳುತ್ತಾರೆ, ಜೂನ್ 5ರಂದು ಶಾಲಾ ಮಕ್ಕಳನ್ನು ಸಾಲು ನಿಲ್ಲಿಸಿ ಬಂಡೆಯಲ್ಲಿ ಗುಂಡಿ ತೋಡಿಸಿದ ಮುಖ್ಯೋಪಾಧ್ಯಾಯರೊಬ್ಬರ ಕೈಕೆಳಗೆ ದುಡಿದವನು ನಾನು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಎಷ್ಟೋ ಪದವುಗಳು ಅಕೇಶಿಯಾ ನೆಡುತೋಪುಗಳಾಗಿ ಮುಚ್ಚಿಹೋದದ್ದು ಹೀಗೆಯೇ. ತರಗೆಲೆ ಬಿದ್ದು ತಗ್ಗುಗಳು ತುಂಬುತ್ತವೆ, ಬಿಸಿಲು ನೆಲಕ್ಕೆ ಬೀಳುವುದಿಲ್ಲ, ಸೋಣದ ಹೂವು ಕಾಣೆಯಾಗುತ್ತದೆ. ಬಯಲು ಬಯಲಾಗಿಯೇ ಇರಬೇಕು ಎಂಬುದನ್ನು ನಮ್ಮ ಜನರಿಗೆ ಹೇಳುವುದು ಮರ ಕಡಿಯಬೇಡಿ ಎನ್ನುವುದಕ್ಕಿಂತ ಕಷ್ಟ.

ಸಭೆಯಲ್ಲಿ ಕಪ್ಪೆಯಿಂದ ಮಾತು ಶುರು ಮಾಡಬೇಡಿ. ನೀರಿನಿಂದ ಶುರು ಮಾಡಿ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ, ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಮುರಕಲ್ಲು ತೂತು ತೂತಾದ ಕಲ್ಲು. ಪದವಿನ ಬಿರುಕುಗಳಲ್ಲಿ ಇಳಿದ ನೀರು ಕೆಳಗಿನ ಬೈಲಿನ ಬಾವಿಗಳಲ್ಲಿ ಏಳುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಹಿರಿಯರು ಇದನ್ನು ತಿಳಿದೇ ಇಂಥ ಗುಡ್ಡಗಳ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು. ಪದವನ್ನು ಸಮತಟ್ಟು ಮಾಡಿ ರೋಲರ್ ಓಡಿಸಿದರೆ ಆ ಮಳೆ ಒಂದೇ ಏಟಿಗೆ ತೋಡಿಗೆ ಓಡುತ್ತದೆ. ಬೈಲಿನಲ್ಲಿ ಮನೆ ಇರುವ ಸದಸ್ಯರು ಎಷ್ಟು ಮಂದಿ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಅವರ ಎದುರಿನ ಕುರ್ಚಿಯಲ್ಲಿ ಕುಳಿತುಕೊಳ್ಳಿ.

ಬರೆಯುವ ರೀತಿಗೆ ಬರುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ನಿಮ್ಮದರಂಥ ಸಮಿತಿ ಇರಬೇಕು, ಅದು ಜನರ ಜೊತೆ ಕುಳಿತು ದಾಖಲೆ ಬರೆಯಬೇಕು. ಬಹಳ ಕಡೆ ಅದು ವರ್ಷಗಟ್ಟಲೆ ಆಗಲೇ ಇಲ್ಲ. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡ ಎಂದಿತು. ಅಂಥ ಅವಸರದಲ್ಲಿ ಹುಟ್ಟಿದ ಪುಸ್ತಕಗಳಲ್ಲಿ ಪಕ್ಕದೂರಿನ ಮರ ನಮ್ಮೂರಿಗೆ ಬಂದು ಬೇರೂರುವುದು ಆಶ್ಚರ್ಯವಲ್ಲ. ಸದ್ಯ ನಿಮ್ಮದರಲ್ಲಿ ಕಪ್ಪೆ ಎಂಬ ಪದವಾದರೂ ಇದೆ.

ನೀವು ಹೀಗೆ ಬರೆಯಿರಿ: "ಇಂಥ ಸರ್ವೆ ನಂಬರಿನ ಪದವು, ಪೂರ್ವ ಬದಿಯ ಬಂಡೆ ಹಾಸು. ಇಂಥ ದಿನ, ರಾತ್ರಿ ಎಂಟರಿಂದ ಒಂಬತ್ತು, ಮಳೆ ನಿಂತು ಅರ್ಧ ಗಂಟೆಯಾಗಿತ್ತು. ನೀರು ನಿಂತ ತಗ್ಗಿನ ಆಳ ನಾಲ್ಕು ಬೆರಳು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಕಪ್ಪೆ, ತಿಳಿ ಕಂದು, ಬೆನ್ನಿನ ಮೇಲೆ ಕಪ್ಪು ಗುರುತು. ಕೂಗನ್ನು ಮೊಬೈಲಿನಲ್ಲಿ ದಾಖಲಿಸಿದೆ. ನೋಡಿದವರು ಇಂಥಿಂಥವರು." ಅಳಿವಿನಂಚಿನ, ಅಮೂಲ್ಯ, ಪ್ರಕೃತಿಮಾತೆಯ ಕೊಡುಗೆ ಇತ್ಯಾದಿ ಒಂದು ಪದವೂ ಬೇಡ. ಫೋಟೋವನ್ನು ಐನ್ಯಾಚುರಲಿಸ್ಟ್‌ನಲ್ಲಿಯೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿಯೋ ಹಾಕಿದರೆ ಗುರುತು ಸರಿಯೇ ಎಂದು ತಿಳಿದವರು ನೋಡುತ್ತಾರೆ. ಇದೇ ಜಾತಿಯ ಬೇರೆ ಸಣ್ಣ ಕಪ್ಪೆಗಳೂ ನಮ್ಮಲ್ಲಿ ಇವೆ, ಗಡಿಬಿಡಿ ಬೇಡ. ಬಾಟಲಿಯಲ್ಲಿ ಹಿಡಿದು ಸಭೆಗೆ ತರುವ ಉತ್ಸಾಹ ಮಾತ್ರ ಯಾರಿಗೂ ಬಾರದಿರಲಿ.

ಅದೇ ಪುಟದಲ್ಲಿ ಜನ ಪದವನ್ನು ಬಳಸುವುದನ್ನೂ ಬರೆಯಿರಿ: ದನ ಮೇಯಿಸುವುದು, ಮುಳಿಹುಲ್ಲು ಕೊಯ್ಯುವುದು, ಹೊಸ್ತಿಲು ಪೂಜೆಗೆ ಹೂ ತರುವುದು, ಬದಿಯ ಕುರುಚಲು ಕಾಡಿನಲ್ಲಿ ಬೋಗಿ ಮರಗಳಿದ್ದರೆ ಅವುಗಳ ಬುಡದಲ್ಲಿ ಮೊದಲ ಮಳೆಗೆ ಕಲ್ಲಣಬೆ ಹೆಕ್ಕುವುದು. ಕಲ್ಲಣಬೆಗೆ ಉಡುಪಿ, ಕಾರ್ಕಳದ ಪೇಟೆಯಲ್ಲಿ ಏನು ರೇಟು ಎಂದು ನಾನು ಹೇಳಬೇಕಾಗಿಲ್ಲ. ಅದು ಮರದ ಬೇರಿನ ಜೊತೆ ಕೂಡಿ ಬದುಕುವ ಶಿಲೀಂಧ್ರ, ಹಾಲಣಬೆಯ ಹಾಗೆ ಚೀಲದಲ್ಲಿ ಬೆಳೆಯಲು ಬರುವುದಿಲ್ಲ. ಆ ಜಾಗ ಹೋದರೆ ಅಣಬೆಯೂ ಹೋಯಿತು.

ಪಣಂಬೂರು ಪಾಳಿ:

ಮೇಷ್ಟರೇ, ನಮ್ಮ ಮಂಗಳೂರಿನ ಕಪ್ಪೆಯನ್ನು ಬಿಟ್ಟಿರಲ್ಲ! ನಾನು ಇಲ್ಲಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಯ ಕೆಲಸದವನು. 2018ರಲ್ಲಿ ಇಲ್ಲಿಯೇ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ, ಮೈಕ್ರೊಹೈಲಾ ಕೊಡಿಯಾಲ್ ಎಂಬ ಕಪ್ಪೆಯನ್ನು ಹೊಸ ಪ್ರಭೇದವೆಂದು ಗುರುತಿಸಿದರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ಉಳಿದ ಕಡೆ ಬಂದರು, ಕಾರ್ಖಾನೆ, ಟ್ಯಾಂಕರು. ಅದರ ಹತ್ತಿರದ ನೆಂಟರು ಇರುವುದು ಪಶ್ಚಿಮ ಘಟ್ಟದಲ್ಲಲ್ಲ, ಆಗ್ನೇಯ ಏಷ್ಯಾದಲ್ಲಂತೆ. ಹಡಗಿನಲ್ಲಿ ಬಂದ ದಿಮ್ಮಿಗಳ ಜೊತೆ ಬಂದಿರಬಹುದು ಎಂದು ಅದನ್ನು ಕಂಡುಹಿಡಿದವರೇ ಅನುಮಾನಪಟ್ಟಿದ್ದಾರೆ. ಹಾಗಾದರೆ ಅದನ್ನು ಉಳಿಸಬೇಕೇ, ಬೇಡವೇ?

2024ರಲ್ಲಿ ಸಸಿಹಿತ್ಲು, ತಣ್ಣೀರುಬಾವಿಯಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಟ್ಟಾಗ ಬಲೆ ಕಟ್ಟಿ ಕಾವಲು ಹಾಕಿದರು, ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲು ಜನ ಸೇರಿದರು. ಸಂತೋಷವೇ. ನಮ್ಮ ಗೇಟಿನ ಚರಂಡಿಯಲ್ಲಿ ಕೂಗುವುದನ್ನು ನೋಡಲು ಮಾತ್ರ ಯಾರೂ ಬರುವುದಿಲ್ಲ.

ಪದವಿನಂಚಿನ ಮನೆ:

ಮೇಷ್ಟರೇ, ತುಂಬಾ ಉಪಕಾರವಾಯಿತು. ನಿಮ್ಮ ಬರಹವನ್ನು ಮಾವನಿಗೆ ಓದಿ ಹೇಳಿದೆ. ಬಾವಿಯ ಮಾತು ಬಂದಾಗ ಅವರೇ ನೆನಪಿಸಿದರು: ಪದವಿನ ಪಶ್ಚಿಮದಲ್ಲಿ ಕೆಂಪುಕಲ್ಲಿನ ಕೋರೆ ಆದ ಮೇಲೆ ಅದರ ಕೆಳಗಿನ ಎರಡು ಮನೆಗಳ ಬಾವಿ ಮಾರ್ಚಿಗೇ ಒಣಗುತ್ತಿದೆ. ಕೋರೆ ಈಗ ನಿಂತಿದೆ, ಹೊಂಡ ಹಾಗೆಯೇ ಇದೆ. ಶೆಡ್ಡನ್ನು ಆ ಹೊಂಡದಲ್ಲಿ ಕಟ್ಟಿ ಎಂದು ಸೂಚಿಸಬಹುದೇ? ಇನ್ನೊಂದು, ಪದವಿನಲ್ಲಿ ದನ ಮೇಯುವುದರಿಂದ ಕಪ್ಪೆಗೆ ತೊಂದರೆ ಎಂದು ನಾಳೆ ನನ್ನ ದನಗಳನ್ನೇ ಮೊದಲು ಓಡಿಸುತ್ತಾರೋ ಏನೋ.

ನಿವೃತ್ತ ವಿಜ್ಞಾನ ಮೇಷ್ಟರು, ಕಾರ್ಕಳ:

ಹೊಂಡದೊಳಗೆ ಬೇಡ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಕಸದ ರಸ ಸೇರಿದರೆ ಅದೇ ನೀರು ನೇರವಾಗಿ ಕೆಳಗಿನ ಬಾವಿಗಳಿಗೆ ಹೋಗುತ್ತದೆ. ಕೋರೆಯ ಲಾರಿಗಳು ನಿಲ್ಲುತ್ತಿದ್ದ ಅಂಗಳ ಮೇಲೆ ಇರಬೇಕಲ್ಲ? ರಸ್ತೆಯೂ ಅಲ್ಲಿಯವರೆಗೆ ಆಗಲೇ ಇರುತ್ತದೆ. ಅಗೆದು ಹಾಳಾದ ಆ ಜಾಗದಲ್ಲಿ ಸಿಮೆಂಟಿನ ನೆಲ ಹಾಕಿ, ಮಾಡು ಹೊದೆಸಿ ಕಟ್ಟಲಿ. ಪೂರ್ವದ ಬಂಡೆ ಹಾಸನ್ನು ಮುಟ್ಟದಿರಲಿ. ಹೀಗೆ ಬದಲಿ ಜಾಗದ ನಕ್ಷೆಯನ್ನು ಕೈಯಲ್ಲಿ ಹಿಡಿದು ಹೋದರೆ ಕೆಲಸ ನಿಲ್ಲಿಸಿದವಳು ಎಂದು ಯಾರೂ ಹೇಳಲಾರರು. ಮೈದಾನದ ವಿಚಾರದಲ್ಲಿ ನಾನು ರಾಜಿ ಹೇಳಲಾರೆ. ಶಾಲೆಯ ಮೈದಾನವನ್ನು ಸಂಜೆ ಬೀಗ ಹಾಕದೆ ಬಿಟ್ಟರೆ ಹುಡುಗರಿಗೆ ಅದೇ ಸಾಕು.

ದನಗಳ ಬಗ್ಗೆ ಚಿಂತೆ ಬೇಡ. ಆ ಬಯಲು ದನ ಮೇದುಕೊಂಡೇ ಇಲ್ಲಿಯವರೆಗೆ ಬಂದಿದೆ. ತಗ್ಗುಗಳ ಮೇಲೆ ಬೈಕ್ ಓಡಿಸುವವರನ್ನು ಬೇಕಾದರೆ ಓಡಿಸಿ.

ಪಣಂಬೂರಿನವರೇ, ನಿಮ್ಮ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಅದು ಹೊರಗಿನಿಂದ ಬಂದದ್ದೇ ಆಗಿದ್ದರೂ, ಅದರ ಮೂಲ ಊರಿನಲ್ಲಿ ಯಾರೂ ಅದನ್ನು ಇನ್ನೂ ಗುರುತಿಸಿಲ್ಲ. ತಿಳಿದಿರುವುದು ನಿಮ್ಮ ಚರಂಡಿಯ ಸುತ್ತಲಿನದು ಮಾತ್ರ. ಎಲ್ಲಿಂದ ಬಂತೆಂದು ಖಚಿತವಾಗುವ ಮೊದಲೇ ಅದನ್ನು ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಹಾಗೆಂದು ಹಿಡಿದು ತಂದು ಬೇರೆ ಕೆರೆಗೆ ಬಿಡುವ ಪುಣ್ಯಕಾರ್ಯವನ್ನು ಯಾರೂ ಮಾಡಬಾರದು. ನೀವು ಪಾಳಿಗೆ ಹೋಗುವಾಗ ಕೂಗು ಕೇಳಿದ ದಿನಾಂಕಗಳನ್ನು ಬರೆದಿಡಿ. ಗೇಟಿನೊಳಗೆ ಹೋಗಲು ಸಂಶೋಧಕರಿಗೆ ಪಾಸ್ ಬೇಕು, ನಿಮಗೆ ಬೇಡ.

ಕುಮ್ಕಿ ಕೃಷಿಕ:

ಎಲ್ಲರ ಪ್ರಶ್ನೆಗೂ ಉತ್ತರ ಸಿಕ್ಕಿತು, ನನ್ನ ಕುಮ್ಕಿಯದನ್ನು ಬಿಟ್ಟು.

ನಿವೃತ್ತ ವಿಜ್ಞಾನ ಮೇಷ್ಟರು, ಕಾರ್ಕಳ:

ಮರೆತಿರಲಿಲ್ಲ ಮಾರಾಯರೇ, ಊಟಕ್ಕೆ ಎದ್ದಿದ್ದೆ.

ಜೀವವೈವಿಧ್ಯ ದಾಖಲೆಯಲ್ಲಿ ಬರೆದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ, ಜಾಗ ಅರಣ್ಯವಾಗುವುದಿಲ್ಲ. ನಿಮ್ಮ ವರ್ಗ ಭೂಮಿಯಿಂದ (ಸ್ವಂತ ಹಿಡುವಳಿಯಿಂದ) 450 ಗಜದೊಳಗಿನ ಕುಮ್ಕಿ ಸವಲತ್ತು ಭೂಕಂದಾಯ ಕಾಯ್ದೆಯ ವಿಷಯ, ಅದರ ಮಾತು ಕಂದಾಯ ಇಲಾಖೆಯಲ್ಲಿ. ರಾಷ್ಟ್ರೀಯ ಉದ್ಯಾನ ಘೋಷಣೆಯಾಗುವುದು 1972ರ ವನ್ಯಜೀವಿ ಕಾಯ್ದೆಯಡಿ, ಅದು ಬೇರೆ ದಾರಿ. ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್‌ನಲ್ಲಿ ಪಾರಂಪರಿಕ ತಾಣ ಎಂದು ಘೋಷಿಸುವ ಅವಕಾಶ ಇದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ದೇಶದಲ್ಲೇ ಮೊದಲು ಅದು ಸಿಕ್ಕಿತು. ಅದನ್ನು ಕೂಡ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿಯೇ ರಾಜ್ಯ ಸರ್ಕಾರ ಮಾಡಬೇಕು. ಇಲ್ಲಿ ಯಾರೂ ಅದನ್ನು ಕೇಳಿಯೂ ಇಲ್ಲ.

ನಿಮ್ಮ ಅನುಮಾನಕ್ಕೆ ಹಿನ್ನೆಲೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕುಮ್ಕಿ ಹೋಗುವುದು ಕಪ್ಪೆಯಿಂದಲ್ಲ. ಪಾಳು ಎಂದು ಬರೆದಿರುವ ಜಾಗವನ್ನು ಯಾವುದೋ ಯೋಜನೆಗೆ ಮಂಜೂರು ಮಾಡಿದಾಗ ಹೋಗುತ್ತದೆ, ಆಗ ಇಲ್ಲಿ ಇಂಥವರು ಸೊಪ್ಪು ತರುತ್ತಿದ್ದರು ಎಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ನಿಮ್ಮ ಪಂಚಾಯತಿಯಲ್ಲಿಯೂ ಈ ಪುಸ್ತಕ ಇದ್ದೇ ಇರುತ್ತದೆ. ಹೋಗಿ ಕೇಳಿ, ಬಳಕೆದಾರರ ಕಾಲಂ ಖಾಲಿ ಇದ್ದರೆ ಮೊದಲು ನಿಮ್ಮ ಹೆಸರನ್ನೂ ಸೊಪ್ಪು ಸೌದೆಯನ್ನೂ ಬರೆಸಿ. ಕಪ್ಪೆಯ ವಿಚಾರ ಆಮೇಲೆ ಮಾತಾಡೋಣ.